ಮೇಲಿನವರು ಕೆಳಗಿನ ನೀರು ಅಳೆದ ದಿನ

ಒಂದೇ ನದಿಯನ್ನು ಹಂಚಿಕೊಂಡ ದೇಶಗಳು ಬಡಿದಾಡದೆ ಬಾಳುವುದು ಹೇಗೆಂಬ ಶಾಸ್ತ್ರವನ್ನು ಬಲ್ಲವರು ಯಾರೆಂದು ಕೊಪ್ಪಳ ಜಿಲ್ಲೆಯಲ್ಲಿ ಕೇಳಿದರೆ, ಎಲ್ಲರ ಬಾಯಲ್ಲೂ ಬರುವ ಹೆಸರು ಡಾ. ಮೆಹಜಬೀನ ಅವರದು. ಯಲಬುರ್ಗಾದಲ್ಲಿ ಹುಟ್ಟಿ, ಕುಷ್ಟಗಿಯಲ್ಲಿ ಅಧ್ಯಾಪನ ಆರಂಭಿಸಿ, ಗಂಗಾವತಿಯ ಕಾಲೇಜಿನಿಂದ ಈಗ ನಿವೃತ್ತರಾಗುತ್ತಿರುವ ಈ ರಾಜ್ಯಶಾಸ್ತ್ರ ಪ್ರಾಧ್ಯಾಪಕಿ ಮೂವತ್ತೊಂದು ವರ್ಷ ನೈಲ್, ಮೆಕಾಂಗ್ ನದಿಗಳ ತಂಟೆಗಳನ್ನು ಪಾಠ ಮಾಡಿದರು. "ನೈಲ್ ಕಟ್ಟಿಕೊಂಡು ನಮಗೇನು?" ಎಂದು ಮೂಗು ಮುರಿದವರಿಗೇನೂ ಬರವಿರಲಿಲ್ಲ. ಆ ಮಾತು ಅವರನ್ನು ಒಳಗೊಳಗೇ ಚುಚ್ಚುತ್ತಿತ್ತು.

ಚುಚ್ಚಿದರೂ ಪಾಠ ನಿಲ್ಲಲಿಲ್ಲ. ಗಿಣಿಗೇರಾದ ಕಾರ್ಖಾನೆಯಲ್ಲಿ ದುಡಿಯುತ್ತಲೇ ಎಂ.ಎ. ಓದುತ್ತಿದ್ದ ಗಾಳೇಶನಿಗಾಗಿ ಪ್ರತಿ ಭಾನುವಾರ ಕೊಪ್ಪಳ ಬಸ್ ನಿಲ್ದಾಣದ ಕಟ್ಟೆಯ ಮೇಲೆ ನಕಾಶೆ ಹರಡಿ ಕೂರುತ್ತಿದ್ದರು. ಅವನಿಂದು ಅದೇ ವಿಷಯದ ಅಧ್ಯಾಪಕ.

ಸೇವೆಯ ಕೊನೆಯ ವರ್ಷ ಗಂಗಾವತಿ ಬಳಿಯ ಒಂದು ಉಪಕಾಲುವೆಯ ಮೇಲಿನ ಊರಿಗೂ ಕೆಳಗಿನ ಊರಿಗೂ ಕೈಕೈ ಮಿಲಾಯಿಸುವ ಹಂತ ಬಂದಿತು. ಕೆಳಗಿನ ಊರಿನ ಮುದಕಮ್ಮನ ಭತ್ತ ತೆನೆ ಕಟ್ಟುತ್ತಿದ್ದ ಹೊತ್ತು. ವಾರದೊಳಗೆ ನೀರು ಬಾರದಿದ್ದರೆ ಇಡೀ ಬೆಳೆ ಜಳ್ಳು. ಆಕೆಯ ಮಗಳು ದೀಪಿಕಾ ತನ್ನ ಗುರುಗಳಾದ ಮೆಹಜಬೀನ ಅವರನ್ನು ಕರೆತಂದಳು. ಮೇಡಂ ಎರಡೂ ಊರಿನವರನ್ನು ಕೂಡಿಸಿ, ಅರ್ಧರ್ಧ ಪಾಲು ಬರೆದು, ಸಹಿ ಹಾಕಿಸಿದರು. ಮರುದಿನವೇ ಒಪ್ಪಂದ ಮುರಿದುಬಿತ್ತು! ನೀರು ಬಿಟ್ಟಿದ್ದೇವೆಂದು ಮೇಲಿನವರು, ಬಂದೇ ಇಲ್ಲವೆಂದು ಕೆಳಗಿನವರು. ಮೇಡಂ ಅವರಿಗೆ ಅನ್ನ ಸೇರಲಿಲ್ಲ. ಪಾಲಿನ ಮಾತಿಗಿಂತ ಮೊದಲು ಎರಡೂ ಕಡೆಯವರು ಒಂದೇ ಅಳತೆಯನ್ನು ನಂಬಬೇಕೆಂದು ತರಗತಿಯಲ್ಲಿ ಹೇಳಿಕೊಂಡು ಬಂದವರು, ಕಾಲುವೆ ದಂಡೆಯಲ್ಲಿ ಅದನ್ನೇ ಮರೆತಿದ್ದರು.

ಮತ್ತೆ ಸಭೆ ಸೇರಿಸಿ ನೇರವಾಗಿ ಹೇಳಿದರು: "ತಪ್ಪು ನಂದೇ ಐತ್ರಿ. ನಾಳಿಂದ ಮ್ಯಾಲಿನ ನೀರಳಿಯೋ ಗೇಜ್ ಮುದಕಮ್ಮಕ್ಕ ನೋಡ್ತಾರ, ಕೆಳಗಿಂದು ಪಕೀರಪ್ಪಣ್ಣ ನೋಡ್ತಾರ."

ಮೇಲಿನ ಊರಿನ ಹಿರಿಯ ಪಕೀರಪ್ಪ ಸಿಡುಕಿದ: "ನಮ್ಮ ತೂಬಿನ ಮ್ಯಾಲ ಅವರ ಕಾವಲೇನ್ರಿ?"

"ಅವರ ತೂಬಿನ ಮ್ಯಾಲ ನಿಮ್ಮದೂ ಐತಲ್ಲ! ಮೂರು ದಿನ ನೋಡ್ರಿ, ಆಮ್ಯಾಲ ನನ್ನ ಬೈರಿ."

ಬೈಯುವ ಉಮೇದಿನಲ್ಲೇ ಪಕೀರಪ್ಪ ಕೆಳಗಿಳಿದು ಹೋದ. ಗೇಜಿನ ಬುಡದಲ್ಲಿ ಅಂಗೈ ಮುಳುಗುವಷ್ಟು ನೀರಿರಲಿಲ್ಲ, ಮುದಕಮ್ಮನ ಗದ್ದೆ ಬಿರುಕು ಬಿಟ್ಟಿತ್ತು. ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದ: "ಏ ಹಾಲೇಶ, ಇಲ್ಲಿ ನೀರೇ ಇಲ್ಲಲೇ! ಇವರು ಸುಳ್ಳ ಹೇಳ್ತಾರಂತ ನಾವೇ ಅಂತಿದ್ವಿ. ನಮ್ಮ ತೂಬು ಎಲ್ಲಾ ಮುಚ್ಚಸು, ನೀರು ಕೆಳಗ ಹರಿದು ಬರ್ಲಿ, ಈಗಿಂದೀಗ!"

ಮೂರನೆಯ ದಿನ ಕೆಳಗಿನ ಊರಿಗೆ ನೀರು ನುಗ್ಗಿ ಬಂತು. ಭತ್ತ ಉಳಿಯಿತು. ಮುದಕಮ್ಮ ಮೇಡಂ ಅವರ ಎರಡೂ ಕೈ ಹಿಡಿದು, "ನಿಮ್ಮ ನೈಲ್ ನದಿ ತಣ್ಣಗಿರ್ಲಿ ಯವ್ವಾ" ಎಂದಾಗ ಮೂವತ್ತೊಂದು ವರ್ಷ ಪಾಠ ಮಾಡಿದ ಅಧ್ಯಾಪಕಿ ಎಲ್ಲರೆದುರಿಗೇ ಅತ್ತುಬಿಟ್ಟರು. ಈ ಹಂಗಾಮಿನಲ್ಲಿ ಎರಡೂ ಊರಿನವರು ಪಾಲನ್ನು ತಾವೇ ಕೂತು ಗೊತ್ತುಮಾಡಿಕೊಂಡಿದ್ದಾರೆ.

ಗುರುಗಳ ಆಯುಷ್ಯ ನೂರು ದಾಟಲಿ, ಆರೋಗ್ಯ ಗಟ್ಟಿಯಾಗಿರಲಿ. ವಿಶ್ರಾಂತಿಯನ್ನಂತೂ ಹಾರೈಸುವಂತಿಲ್ಲ, ಏಕೆಂದರೆ ಮೊನ್ನೆಯೇ ಇನ್ನೊಂದು ಕಾಲುವೆಯವರು ಜಗಳ ಹೊತ್ತು ಅವರ ಮನೆಗೆ ಬಂದಿದ್ದರು. "ಈ ಮೇಡಂಗ ಹೊಲದ ಸಂಗತಿ ಏನು ಗೊತ್ತು?" ಎಂದು ಅವರಲ್ಲೊಬ್ಬ ಗೊಣಗಿದಾಗ, ದಾರಿ ತೋರಿಸಲು ಜೊತೆಗೆ ಬಂದಿದ್ದ ಪಕೀರಪ್ಪ ಎದ್ದು ನಿಂತ.

"ನಾನು ಕೆಳಗಿನ ಗೇಜ್ ನೋಡಿ ಬಂದವ ಅದೀನಿ. ಸುಮ್ಮ ಕೂತು ಕೇಳ್ರಿ."