ಮೊಮ್ಮಗಳ ಕೈಗುಣ

ನನ್ನ ಕೈಗೆ ಗುಣವಿಲ್ಲ. ಇದು ವಿನಯದ ಮಾತು ಎಂದುಕೊಂಡು ಯಾರೂ ಸಮಾಧಾನ ಹೇಳಲು ಬರಬೇಡಿ. ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲೇ ನಮ್ಮಪ್ಪ ಇದನ್ನು ಪರೀಕ್ಷಿಸಿ, ಗಿರಾಕಿಗಳೆದುರು ಘೋಷಿಸಿ, ಸಾಯುವವರೆಗೂ ಆ ತೀರ್ಪನ್ನು ತಿದ್ದದೆ ಹೋದ. ಹೈಕೋರ್ಟಿನ ತೀರ್ಪಿನ ಮೇಲಾದರೂ ಮೇಲ್ಮನವಿ ಹಾಕಬಹುದು. ರನ್ನ ಬೆಳಗಲಿಯ ರಸ್ತೆ ಪಕ್ಕ, ನಮ್ಮ ಮನೆ ಮುಂದಿನ ಬೇವಿನ ಗಿಡದ ಕೆಳಗೆ, ತಗಡಿನ ಶೆಡ್ಡಿನಲ್ಲಿ ಪಂಪ್‌ಸೆಟ್ಟು, ಡೀಸೆಲ್ ಇಂಜಿನ್ನು, ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದ ಗುರಲಿಂಗಪ್ಪ ಮಿಸ್ತ್ರಿಯ ನ್ಯಾಯಾಲಯದಲ್ಲಿ ಅಂಥ ಸೌಲಭ್ಯ ಇರಲಿಲ್ಲ.

ಆದದ್ದು ಇಷ್ಟು. ಅಪ್ಪ ಚಹಾ ಕುಡಿಯಲು ಹೋದಾಗ ನಾನು ಒಂದು ಇಂಜಿನ್ನಿನ ಸ್ಪ್ರಿಂಗನ್ನು ತಿರುವುಮುರುವು ಹಾಕಿಟ್ಟೆ. ಅಪ್ಪ ಬಂದು ಚಾಲೂ ಮಾಡಿದ. ಇಂಜಿನ್ ಚಾಲೂ ಏನೋ ಆಯಿತು, ಆದರೆ ನಿಲ್ಲಲೊಲ್ಲದು. ಕೂಗುತ್ತ, ಕುಣಿಯುತ್ತ ಶೆಡ್ಡನ್ನೇ ಹೊತ್ತುಕೊಂಡು ಮುಧೋಳಕ್ಕೆ ಹೊರಟಿತ್ತು. ಕೊನೆಗೆ ಅಪ್ಪ ಹಸಿ ಗೋಣಿಚೀಲದಿಂದ ಅದರ ಮೂಗು ಮುಚ್ಚಿ ಉಸಿರು ನಿಲ್ಲಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಲೇ, ನಿನ್ನ ಕೈಗುಣ ಛಲೋ ಇಲ್ಲ. ಇನ್ನ ಮ್ಯಾಲ ಏನೂ ಮುಟ್ಟಬ್ಯಾಡ. ಸಾಲಿ ಕಲಿ ಹೋಗು" ಎಂದ.

ನಾನು ಹೋಗಿ ಸಾಲಿ ಕಲಿತೆ. ಕಲಿತದ್ದು ಸಾಲದೆಂದು ಈಗ ದಿನಾ ಬಸ್ಸಿನಲ್ಲಿ ಹೋಗಿ ಜಮಖಂಡಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಈ ಕಥೆ ಹೇಳಿದಾಗ ಸಹೋದ್ಯೋಗಿಗಳು ಕಣ್ಣು ಒದ್ದೆ ಮಾಡಿಕೊಂಡು, "ನೀವು ಓದಿ ಮುಂದ ಬರಲಿ ಅಂತ ಹಂಗ ಅಂದಿರಬೇಕ್ರೀ ಸರ" ಎನ್ನುತ್ತಾರೆ. ಹಾಗೇನೂ ಇಲ್ಲ. ಸ್ಪ್ರಿಂಗು ತಿರುವುಮುರುವಾಗಿತ್ತು, ಅದಕ್ಕೆ ಅಂದ. ಸತ್ತವರ ಬೈಗುಳಕ್ಕೆಲ್ಲ ಒಳ್ಳೆಯ ಅರ್ಥ ಹಚ್ಚುವ ಚಟ ನಮ್ಮ ಜನಕ್ಕೆ ಯಾಕಿದೆಯೋ!

ಕೈಗುಣ ಎಂಬುದು ನಮ್ಮಲ್ಲಿ ಬಹಳ ಅನುಕೂಲದ ಮಾತು. ರೋಗಿ ಬದುಕಿದರೆ ಡಾಕ್ಟರ ಕೈಗುಣ, ಸತ್ತರೆ ರೋಗಿಯ ಹಣೆಬರಹ. ಉಪ್ಪಿನಕಾಯಿ ಕೆಡದಿದ್ದರೆ ಅತ್ತೆಯ ಕೈಗುಣ, ಬೂಸಲು ಬಂದರೆ ಸೊಸೆ ಹಸಿ ಚಮಚ ಹಾಕಿರುತ್ತಾಳೆ. ಮಾಸ್ತರನಾದ ತಪ್ಪಿಗೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. 'ಕೈ' ಕನ್ನಡದ್ದು, 'ಗುಣ' ಸಂಸ್ಕೃತದ್ದು. ಇವೆರಡನ್ನೂ ಹೀಗೆ ಜೋಡಿಸುವುದನ್ನು ವ್ಯಾಕರಣದಲ್ಲಿ ಅರಿಸಮಾಸ ಎನ್ನುತ್ತಾರೆ. ಅರಿ ಎಂದರೆ ಶತ್ರು. ಅಪ್ಪನಿಗೆ ಒಮ್ಮೆ ಇದನ್ನು ವಿವರಿಸಿ, ಈ ಶಬ್ದವೇ ಅಶುದ್ಧ, ಆದ್ದರಿಂದ ನನ್ನ ಮೇಲಿನ ಆರೋಪವೂ ನಿಲ್ಲುವುದಿಲ್ಲ ಎಂದು ವಾದಿಸಿದೆ. ಅಪ್ಪ ನಟ್ಟು ತಿರುವುವ ಪಾನಾ ಕೆಳಗಿಡದೆ ಕೇಳಿ, "ನೀ ಸಾಲ್ಯಾಗ ಇದನ್ನ ಕಲಸ್ತೀಯೇನು?" ಎಂದ. ಹೌದು ಎಂದೆ. "ಪಾಪ, ಹುಡುಗ್ರು" ಎಂದ.

ಅಪ್ಪನ ಬಾಯಿ ಅಂಥದ್ದು. ಗಿರಾಕಿಗಳಿಗೂ ಅದರಲ್ಲಿ ರಿಯಾಯಿತಿ ಇರಲಿಲ್ಲ. ಘಟಪ್ರಭೆಯ ದಂಡೆಯಲ್ಲಿ ಹೊಲವಿದ್ದ ಬೀರಪ್ಪ ಎಂಬ ರೈತ ಪ್ರತಿವರ್ಷ ತನ್ನ ಹಳೆಯ ಇಂಜಿನ್ನನ್ನು ಹೇರಿಕೊಂಡು ಬರುತ್ತಿದ್ದ. ಅಪ್ಪ ಅದನ್ನು ಬಿಚ್ಚಿ ನೋಡಿ, "ಈ ಇಂಜಿನ್ ನಿನಗ ಏನ ಅನ್ಯಾಯ ಮಾಡಿತ್ತೋ ಬೀರಪ್ಪಾ?" ಎಂದು ಕೇಳುತ್ತಿದ್ದ. ಬೀಳಗಿಯಿಂದ, ತೇರದಾಳದಿಂದ ಜನ ಬಸ್ಸು ಹತ್ತಿ ಬೈಸಿಕೊಳ್ಳಲು ಬರುತ್ತಿದ್ದರು. ರಿಪೇರಿ ಮುಗಿದ ಮೇಲೆ ಒಂದೆರಡು ನಟ್ಟು ಉಳಿದರೆ ಅಪ್ಪನಿಗೆ ಕಿಂಚಿತ್ತೂ ಸಂಕೋಚವಿಲ್ಲ: "ಕಂಪನಿಯವ್ರಿಗೆ ಲೆಕ್ಕ ಬರೂದಿಲ್ಲ, ಒಂದ ಹೆಚ್ಚಿಗೆ ಹಾಕಿರ್ತಾರ." ವಿಚಿತ್ರವೆಂದರೆ ಇಂಜಿನ್ನೂ ಅದನ್ನು ಒಪ್ಪಿಕೊಂಡು ಓಡುತ್ತಿತ್ತು.

ಹೊಗಳಿಕೆಯಲ್ಲಿ ಮಾತ್ರ ಭಾರಿ ಮಿತವ್ಯಯ. ನನಗೆ ನೌಕರಿ ಸಿಕ್ಕಿತೆಂದು ಪೇಡೆ ಹಿಡಿದು ಹೋದಾಗ "ಆತ ಬಿಡು" ಎಂದ. ಮದುವೆ ಗೊತ್ತಾದಾಗ ಅದರಲ್ಲೂ ಅರ್ಧ ಉಳಿಸಿಕೊಂಡು "ಆತು" ಎಂದ.

ಹೀಗಿದ್ದವನು ನನ್ನ ಮಗಳು ಹುಟ್ಟಿದ ದಿನ ಇನ್ನೊಬ್ಬ ಮನುಷ್ಯನಾದ. ಅಂದಿನಿಂದ ನಮ್ಮ ಮನೆಯಲ್ಲಿ ಅಪ್ಪ ಒಬ್ಬ, ಅಜ್ಜ ಒಬ್ಬ. ಇಬ್ಬರೂ ಅದೇ ಎಣ್ಣೆ ಕಲೆಯ ಅಂಗಿ ಹಾಕುತ್ತಿದ್ದರು, ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಆದರೆ ಒಬ್ಬರಿಗೊಬ್ಬರು ಪರಿಚಯವಿದ್ದಂತೆ ಕಾಣಲಿಲ್ಲ. ನಾವು ಅವಳಿಗೆ ಭೂಮಿಕಾ ಎಂದು ಹೆಸರಿಟ್ಟೆವು. ಅಜ್ಜ ಅದನ್ನು ತಕ್ಷಣ ರಿಪೇರಿ ಮಾಡಿ ಭೂಮವ್ವ ಎಂದು ಕರೆದ.

ನನ್ನ ಕೆನ್ನೆಗೆ ಬಾರಿಸುವಾಗ ಕೈಗೆ ಗ್ರೀಸು ಇದೆಯೋ ಇಲ್ಲವೋ ನೋಡದಿದ್ದವನು, ಅವಳನ್ನು ಎತ್ತಿಕೊಳ್ಳುವ ಮೊದಲು ಸೀಮೆಎಣ್ಣೆ, ಸೋಪು, ಕಡಲೆಹಿಟ್ಟು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದ. ಬಿತ್ತುವ ಕೂರಿಗೆಯ ಗಾಲಿ ಬಿಚ್ಚಿ ಅವಳಿಗೆ ಗಾಡಿ ಮಾಡಿಕೊಟ್ಟ. ಕೂರಿಗೆಯ ಯಜಮಾನ ಬಿತ್ತನೆ ಹೊತ್ತಿಗೆ ಬಂದು ಹೊಯ್ಕೊಂಡದ್ದು ಬೇರೆ ಮಾತು. ಜಡೆ ಹಾಕುವುದನ್ನೂ ಕಲಿತ. ಉಕ್ಕಿನ ಹಗ್ಗ ಹೆಣೆಯುವ ಕ್ರಮದಲ್ಲೇ ಅವಳ ಕೂದಲು ಹೆಣೆದು ತುದಿಯಲ್ಲಿ ಎಂಥದೋ ಗಂಟು ಹಾಕುತ್ತಿದ್ದ. ಅದನ್ನು ಬಿಚ್ಚಲು ನನ್ನ ಹೆಂಡತಿ ಅವನನ್ನೇ ಕರೆಯಬೇಕಾಗುತ್ತಿತ್ತು. ಹಲ್ಲು ಬೀಳದಿದ್ದರೂ ಬೀಳುತ್ತದೆಂದು ಮಗಳು ಅತ್ತರೆ ಕೆಲಸ ಬಿಟ್ಟು ಕೂತು ಅವಳೊಡನೆ ಚಿಂತೆ ಮಾಡುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ತಂದೆಗೆ ಯಾರೂ ಔಷಧ ಬರೆದುಕೊಡುವುದಿಲ್ಲ.

ಆದರೆ ಎಲ್ಲಕ್ಕೂ ಕಳಸವಿಟ್ಟದ್ದು ಕೈಗುಣದ ಪ್ರಕರಣ. ಅವಳು ಸಾಲಿಗೆ ಸೇರಿದ ವರ್ಷ ಅಪ್ಪ ಒಂದು ದಿನ ಶೆಡ್ಡಿನಲ್ಲಿ ಘೋಷಿಸಿದ: "ನಮ್ಮ ಭೂಮವ್ವನ ಕೈಗುಣ ಭಾಳ ಛಲೋ ಐತಿ. ಇನ್ನ ಮ್ಯಾಲ ಆಕಿ ಕೈ ಹಚ್ಚಿದ ಮ್ಯಾಲನ ಇಂಜಿನ್ ಚಾಲೂ." ತಿಮ್ಮಾಪುರದಲ್ಲಿ ಸಾಕುವ ಬೇಟೆನಾಯಿಗಳಿಗೆ ವಂಶಾವಳಿ ಇರುತ್ತದೆಯಂತೆ. ಅಪ್ಪ ಕೈಗುಣಕ್ಕೂ ವಂಶಾವಳಿ ಹೊಂದಿಸಿದ. ಅದು ತನ್ನಿಂದ ಹೊರಟು, ನನ್ನನ್ನು ಹಾರಿ, ನೇರ ಮೊಮ್ಮಗಳಿಗೆ ಮುಟ್ಟಿತ್ತು. ನಾನು ನಡುವಿನ ತಗ್ಗು.

ಹಳೆಯ ಡೀಸೆಲ್ ಇಂಜಿನ್ನಿನ ತಲೆಯ ಮೇಲೆ ಒಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಎತ್ತಿ ಹಿಡಿದು ಹ್ಯಾಂಡಲ್ ತಿರುವಬೇಕು. ಚಕ್ರ ಜೋರಿಗೆ ಬಂದಾಗ ಲಿವರ್ ಬಿಟ್ಟರೆ ಇಂಜಿನ್ ಕೆಮ್ಮಿ ಕ್ಯಾಕರಿಸಿ ಚಾಲೂ ಆಗುತ್ತದೆ. ಅಜ್ಜ ಹ್ಯಾಂಡಲ್ ತಿರುವುವುದು, ಮೊಮ್ಮಗಳು ಲಿವರ್ ಬಿಡುವುದು ಎಂದು ಇಲಾಖೆಗಳು ಹಂಚಿಕೆಯಾದವು. ಕಬ್ಬಿಗೆ ನೀರಿಲ್ಲವೆಂದು ಹಾರಾಡುತ್ತ ಬಂದ ರೈತರು ಬೇವಿನ ನೆರಳಲ್ಲಿ ಕೂತು ಸಾಲಿ ಬಿಡುವುದನ್ನು ಕಾಯತೊಡಗಿದರು. ಭೂಮವ್ವ ಚೀಲ ಬಿಸಾಕಿ ಬಂದು, ಇಂಜಿನ್ನಿಗೆ ಒಮ್ಮೆ ಕೈ ಹಚ್ಚಿ, ಲಿವರ್ ಹಿಡಿದು, ಅಜ್ಜ "ಹೂಂ, ಬಿಡವ್ವ!" ಎಂದಾಗ ಬಿಡುತ್ತಿದ್ದಳು. ಒಂದು ಸಲವೂ ಹುಸಿ ಹೋಗಲಿಲ್ಲ. ಒಮ್ಮೊಮ್ಮೆ ನನಗೂ ಸಂಶಯ ಬರುತ್ತಿತ್ತು, ಹುಡುಗಿಯ ಕೈಯಲ್ಲಿ ಖರೆ ಏನಾದರೂ ಇದೆಯೇನೋ ಎಂದು.

ತಲೆನೋವೆಂದು ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ ಗುಟ್ಟು ತಿಳಿಯಿತು. ಅಪ್ಪ ಒಬ್ಬನೇ ಎಡಗೈಯಿಂದ ಲಿವರ್ ಹಿಡಿದು, ಬಲಗೈಯಿಂದ ಹ್ಯಾಂಡಲ್ ತಿರುವುತ್ತಿದ್ದ. ಚಾಲೂ ಆಯಿತು. ಕಿವಿಗೊಟ್ಟು ಕೇಳಿದ, ಏನೋ ಬಿಗಿ ಮಾಡಿದ, ಆರಿಸಿದ. ಆಮೇಲೆ ಎದುರಿಗೆ ಕೂತಿದ್ದ ಬೀರಪ್ಪನಿಗೆ, "ಹುಡುಗಿ ಮುಂದ ಬಾಯಿ ಬಿಟ್ಟಿ ಅಂದ್ರ ನಿನ್ನ ಇಂಜಿನ್ ಇನ್ನ ಮುಟ್ಟಾಂಗಿಲ್ಲ ನೋಡು" ಎಂದ. ಸಾಲಿ ಬಿಟ್ಟಿತು. ಭೂಮವ್ವ ಬಂದಳು. ಬೀರಪ್ಪ ಎದೆ ಹಿಡಿದುಕೊಂಡು, "ಮುಂಜಾನಿಂದ ಸತ್ತಂಗ ಬಿದ್ದೈತಿ ನೋಡವ್ವಾ, ನೀನ ಜೀವಾ ತುಂಬಬೇಕು!" ಎಂದ. ಸುತ್ತಮುತ್ತಲ ಹಳ್ಳಿಗಳ ಮರ್ಯಾದಸ್ಥ ರೈತರೆಲ್ಲ ಹೀಗೆ ವರ್ಷಗಟ್ಟಲೆ ನಾಟಕ ಆಡಿದ್ದರು. ಕುರಿ ಕಾಯುವವರು, ಕಬ್ಬು ಬೆಳೆಯುವವರು, ಒಬ್ಬರೂ ಮಾತು ತಪ್ಪಲಿಲ್ಲ. ಪಂಚಾಯತಿ ಚುನಾವಣೆಯಲ್ಲಿ ಈ ಒಗ್ಗಟ್ಟು ನಾನು ಕಂಡಿಲ್ಲ.

ಈ ಸಲ ಕಬ್ಬು ಕಡಿಯುವ ಹಂಗಾಮಿನಲ್ಲಿ ಅಪ್ಪ ಹೋದ. ಊಟ ಮಾಡಿ ಶೆಡ್ಡಿನ ಹೊರಸಿನ ಮೇಲೆ ಅಡ್ಡಾದವನು ಏಳಲಿಲ್ಲ. ಬೀರಪ್ಪನ ಇಂಜಿನ್ ನೆಲದ ಮೇಲೆ ಹತ್ತಾರು ತುಂಡಾಗಿ ಹರಡಿತ್ತು. ನನಗೆ ಅಳು ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ಬೈಯುವವನೊಬ್ಬ ಮನೆಯಲ್ಲಿ ಇಲ್ಲದಿದ್ದರೆ ಎಷ್ಟು ಸಪ್ಪಗಾಗುತ್ತದೆ ಎಂಬುದು ಬೈಸಿಕೊಂಡವರಿಗಷ್ಟೇ ಗೊತ್ತು. ಭೂಮವ್ವ ಮಾತ್ರ ಅಳಲಿಲ್ಲ. ಶೆಡ್ಡಿನ ಕಡೆ ಹೋಗುವುದನ್ನು ಬಿಟ್ಟಳು, ಅಷ್ಟೇ. ಈಗವಳು ಆರನೆಯ ತರಗತಿ. ಎರಡೂ ಕೈಗಳನ್ನು ಫ್ರಾಕಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ನನಗೆ ಭಯವಾಯಿತು. ಅಜ್ಜ ಅವಳಿಗೆ ಬಿಟ್ಟುಹೋದ ಆಸ್ತಿ ಆ ಕೈಗುಣ ಒಂದೇ. ಅದು ಸುಳ್ಳೆಂದು ತಿಳಿದರೆ ಅಜ್ಜನೂ ಸುಳ್ಳಾಗುತ್ತಾನಲ್ಲ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಒಂದು ರವಿವಾರ ಬೀರಪ್ಪ ಬನಹಟ್ಟಿಯಿಂದ ಬೇರೆ ಮಿಸ್ತ್ರಿಯನ್ನು ಕರೆತಂದ. ಅವನು ನಮ್ಮ ಶೆಡ್ಡಿನಲ್ಲೇ ಕೂತು ತುಂಡುಗಳನ್ನೆಲ್ಲ ಜೋಡಿಸಿದ. ಒಂದು ನಟ್ಟೂ ಉಳಿಯಲಿಲ್ಲ. ನನಗೇಕೋ ಅವನ ಮೇಲೆ ವಿಶ್ವಾಸ ಬರಲಿಲ್ಲ. ಅವನು ಹ್ಯಾಂಡಲ್ ಹಾಕುತ್ತಿದ್ದಂತೆ ಬೀರಪ್ಪ ಅವನ ಕೈ ಹಿಡಿದ.

"ತಡೀರಿ. ಭೂಮವ್ವ ಬರಲಿ."

"ಯಾರ್ರೀ ಭೂಮವ್ವ?"

"ಮಿಸ್ತ್ರಿ ಮಮ್ಮಗಳು. ಆಕಿ ಕೈ ಹಚ್ಚಿದ್ರನ ಇದು ಚಾಲೂ ಆಗೂದು."

ಇಷ್ಟು ವರ್ಷ ನಾಟಕವಾಡಿ ಬೀರಪ್ಪ ಅದನ್ನೇ ನಂಬಿಬಿಟ್ಟಿದ್ದ. ಬನಹಟ್ಟಿಯ ಮಿಸ್ತ್ರಿಗೆ ಅವಮಾನವಾಯಿತು. ತನ್ನ ಕೆಲಸದ ಮೇಲೆ ವಿಶ್ವಾಸವಿಲ್ಲದಿದ್ದರೆ ನೀವೇ ತಿರುವಿಕೊಳ್ಳಿ ಎಂದು ಹೊರಸಿನ ಮೇಲೆ ಕೂತು ಚಹಾ ಕೇಳಿದ. ಬೀರಪ್ಪನ ಭುಜ ಹೋದ ವರ್ಷ ಇದೇ ಹ್ಯಾಂಡಲ್ ತಿರುಗಿ ಹೊಡೆದು ಸರಿದಿತ್ತು. ಅವನ ಮಗ ಕಬ್ಬಿನ ಟ್ರ್ಯಾಕ್ಟರಿನೊಂದಿಗೆ ಫ್ಯಾಕ್ಟರಿಗೆ ಹೋಗಿದ್ದ. ಎಲ್ಲರೂ ನನ್ನ ಕಡೆ ನೋಡಿದರು. ಮೊದಲು ಗುಟ್ಟಾಗಿ ಒಮ್ಮೆ ಚಾಲೂ ಮಾಡಿ ನೋಡೋಣವೆಂದು ಹ್ಯಾಂಡಲ್ಲಿಗೆ ಕೈ ಹಾಕುವಷ್ಟರಲ್ಲಿ ಭೂಮವ್ವ ಬಾಗಿಲಲ್ಲಿ ನಿಂತಿದ್ದಳು.

ಬಂದವಳೇ ಜೇಬಿನಿಂದ ಕೈ ತೆಗೆದು, ಎಂದಿನಂತೆ ಇಂಜಿನ್ನಿನ ಸೈಲೆನ್ಸರ್ ಮುಟ್ಟಿದಳು. ಹಾಗೇ ನಿಂತಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಅಪ್ಪಾ, ಇದು ತಣ್ಣಗೈತಿ" ಎಂದಳು.

"ಇಂಜಿನ್ ತಣ್ಣಗ ಇರದ ಮತ್ತೇನವ್ವಾ?"

"ಅಜ್ಜ ಚಾಲೂ ಮಾಡಿ ಇಟ್ಟಿರತಿದ್ದನಲ್ಲ, ಬೆಚ್ಚಗ ಇರತಿತ್ತು."

ಹ್ಯಾಂಡಲ್ ಬಿಟ್ಟು ಅವಳ ಕಡೆ ತಿರುಗಿದೆ. "ಗೊತ್ತಿತ್ತೇನು ನಿನಗ? ಮತ್ತ ಅಜ್ಜಗ ಯಾಕ ಹೇಳಲಿಲ್ಲ?"

"ಖುಷಿ ಆಗತಿದ್ದ" ಎಂದಳು, ಇಷ್ಟು ಸಾಮಾನ್ಯ ಸಂಗತಿಯೂ ಮಾಸ್ತರಿಗೆ ತಿಳಿಯದೇ ಎಂಬಂತೆ.

ಹೀಗೆ ಮನೆಯಲ್ಲಿ ಗುಟ್ಟು ಗೊತ್ತಿದ್ದವನು ನಾನೊಬ್ಬನೇ ಎಂದು ಬೀಗುತ್ತಿದ್ದ ಕಾಲದಲ್ಲೆಲ್ಲ, ಮಗಳ ಗುಟ್ಟು ಗೊತ್ತಿಲ್ಲದವರು ನಾನು ಮತ್ತು ಅಪ್ಪ ಇಬ್ಬರೇ ಆಗಿದ್ದೆವು. ಅವನ ಜೊತೆ ಒಂದೇ ಪಟ್ಟಿಯಲ್ಲಿ ನನ್ನ ಹೆಸರು ಬಂದದ್ದು ಬಹುಶಃ ಇದೊಂದೇ ಸಲ.

ನಾನು ತಿರುವಿದೆ. ಮೊದಲ ಸಲ ಇಂಜಿನ್ ನಕ್ಕು ಸುಮ್ಮನಾಯಿತು. ಎರಡನೆಯ ಸಲ ಹ್ಯಾಂಡಲ್ ನನ್ನನ್ನೇ ತಿರುವಿತು. ಬನಹಟ್ಟಿಯ ಮಿಸ್ತ್ರಿ ಚಹಾ ಹೀರುತ್ತ ಸಂತೋಷಪಟ್ಟ. ಭೂಮವ್ವ ಲಿವರ್ ಬಿಡದೆ, "ಇನ್ನೂ ಜೋರ, ಅಪ್ಪಾ. ಅಜ್ಜ ಟೊಂಕಾ ಬಗ್ಗಿಸಿ ತಿರವತಿದ್ದ" ಎಂದಳು. ಟೊಂಕ ಬಗ್ಗಿಸಿದೆ, ಹಲ್ಲು ಕಚ್ಚಿದೆ, ಕಣ್ಣು ಕತ್ತಲಾಗುವ ಹೊತ್ತಿಗೆ ಅವಳು ನನ್ನನ್ನು ಕೇಳದೆಯೇ ಲಿವರ್ ಬಿಟ್ಟಳು. ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು. ಇಂಜಿನ್ ಗುಡುಗಿತು. ಬೀರಪ್ಪ ಹಣೆಗೆ ಕೈ ಹಚ್ಚಿ ಬೀರದೇವರನ್ನು ನೆನೆದು, "ನಾ ಹೇಳಿದ್ದಿಲ್ಲೇನ್ರಿ, ಹುಡುಗಿ ಕೈಗುಣ!" ಎಂದ. ನನ್ನ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಯನ್ನು ಯಾರೂ ಕೇಳಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕೂತು ಭೂಮವ್ವ ಆ ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಒಂದು ಇಂಜಿನ್ನಿಗೆ ನನ್ನ ಭುಜ ಏಳದಂತಾಗಿತ್ತು. ಅಪ್ಪ ಆ ವಯಸ್ಸಿನಲ್ಲಿ, ಆ ನೋಯುವ ಮೊಣಕಾಲು ಇಟ್ಟುಕೊಂಡು, ಪ್ರತಿಯೊಂದನ್ನೂ ಎರಡೆರಡು ಸಲ ತಿರುವುತ್ತಿದ್ದ. ಒಂದು ಸಲ ಗಿರಾಕಿಗೆ, ಒಂದು ಸಲ ಇವಳಿಗೆ. ನೆನೆದು ಕಣ್ಣಲ್ಲಿ ನೀರು ಬಂತು. ಎಣ್ಣೆ ಉರಿಯುತ್ತದೆ ಎಂದೆ. ಕೊಬ್ಬರಿ ಎಣ್ಣೆ ಉರಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಆದರೂ ಊದಿದಳು.

ಊದಿ ಮುಗಿದ ಮೇಲೆ ಹೇಳಿದಳು: "ಮತ್ತ್ಯಾರರ ಇಂಜಿನ್ ತಂದ್ರ, ನಾ ಸಾಲಿಯಿಂದ ಬರೂಕಿಂತ ಮೊದಲ ನೀ ಒಮ್ಮೆ ಚಾಲೂ ಮಾಡಿ ಇಟ್ಟುಬಿಡಪಾ. ನಾ ಗೊತ್ತಿಲ್ಲದಂಗ ಬರ್ತೇನಿ."

ಆ ಹೊತ್ತಿಗೆ ನಾನೂ ಜಮಖಂಡಿಯ ಸಾಲಿಯಲ್ಲಿ ಇರುತ್ತೇನಲ್ಲವ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಆತು" ಎಂದೆ.