ಮೇಜಿನಡಿಯ ಫಿಕಾ

ಭಟ್ಕಳದ ಗಫೂರರ ಮಗಳು ಮಹೀನ್ ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ಓದುತ್ತಾಳೆ. ಗಂಭೀರವಾಗಿರುವುದು ಅವಳ ಜಾಯಮಾನವಲ್ಲ. ಆ ದೇಶದಲ್ಲಿ ಮೂರು ತಿಂಗಳಿಗೊಮ್ಮೆ, ಸೋಮವಾರ ಮಧ್ಯಾಹ್ನ ಮೂರಕ್ಕೆ, ಯುದ್ಧದ ಸೈರನ್ ಊದಿ ಪರೀಕ್ಷಿಸುತ್ತಾರೆ. ಅಲ್ಲೇ ಬೆಳೆದವರು ತಲೆ ಎತ್ತಿಯೂ ನೋಡುವುದಿಲ್ಲ. ಉಕ್ರೇನಿನಿಂದ ಬಂದ ಗೆಳತಿ ದಾರಿನಾಗೆ ಅದನ್ನು ಮೊದಲೇ ಹೇಳಬೇಕೆಂದು ಮಹೀನ್‌ಗೆ ಹೊಳೆಯಲೇ ಇಲ್ಲ.

ಸೈರನ್ ಕೂಗಿದ್ದೇ ತಡ, ದಾರಿನಾ ಕ್ಯಾಂಟೀನಿನ ಮೇಜಿನಡಿ ನುಗ್ಗಿದಳು. ಮಹೀನ್ ಫಿಕಾಗೆ, ಅಂದರೆ ಸ್ವೀಡನ್ನಿನವರ ಕಾಫಿ ಬಿಡುವಿಗೆ, ತಂದಿದ್ದ ಕಾಫಿ, ಬನ್ ಹಿಡಿದು ತಾನೂ ಒಳಗೆ ತೂರಿದಳು.

"ಫಿಕಾಗೆ ಇದೇ ಒಳ್ಳೆ ಜಾಗ ಕಣೇ."

ದಾರಿನಾ ನಡುಗುತ್ತಲೇ ನಕ್ಕಳು. ಆಮೇಲೆ ಪ್ರತಿ ಪರೀಕ್ಷೆಗೂ ಇಬ್ಬರ ಕಾಫಿ ಅಲ್ಲೇ.

ಕಾಯಿಲೆ ಬಿದ್ದ ತಾಯಿಗಾಗಿ ದಾರಿನಾ ಯುದ್ಧ ನಡೆಯುತ್ತಿರುವ ತನ್ನೂರು ಖಾರ್ಕಿವ್‌ಗೆ ಮರಳಿದಳು. ಈ ಸೋಮವಾರ ಸೈರನ್ ಕೂಗಿದಾಗ ಮಹೀನ್ ಒಬ್ಬಳೇ ಮೇಜಿನಡಿ ಕೂತು ಅವಳಿಗೆ ಫೋಟೊ ಕಳಿಸಿದಳು.

ಉತ್ತರ ಬಂತು: "ಇಲ್ಲಿ ಬೆಳಗ್ಗೆಯಿಂದ ಇದು ಆರನೇ ಫಿಕಾ. ಕಾಫಿ ಮಾತ್ರ ಇಲ್ಲ."