ಘಟ್ಟ ಹತ್ತಿದ ಕಪ್ಪೆ

ಇವತ್ತು ಸ್ಟಾಫ್ ರೂಮಿನಲ್ಲಿ ಹೆಡ್‌ಫೋನ್ ತೆಗೆದಾಗ ಪಕ್ಕದ ಟೇಬಲ್ಲಿನ ಶಾರದಾ ಮೇಡಂ ನನ್ನ ಮುಖ ನೋಡಿ, "ಎಂತದು, ಕೆನ್ನೆಗೆಲ್ಲ ಮಸಿ?" ಎಂದರು. ಕಿವಿಗೆ ಒತ್ತುವ ಕಪ್ಪು ಸ್ಪಂಜು ಹಳತಾಗಿ ಉದುರತೊಡಗಿದೆ. ಒರೆಸಿಕೊಂಡೆ. "ಹೊಸದು ತಗೊಳ್ಳಿ. ಅಷ್ಟಕ್ಕೂ ದಿನಾ ಎಂತ ಕೇಳ್ತೀರಿ, ಭಜನೆಯಾ?"

ಈ ಕಾಲೇಜಿಗೆ ಸೇರಿದಾಗಿನಿಂದ ಆ ಪ್ರಶ್ನೆಗೆ ನಾನು ಸುಮ್ಮನೆ ತಲೆಯಾಡಿಸುತ್ತ ಬಂದಿದ್ದೇನೆ. ಶಿರಸಿಯಲ್ಲಿ ಆ ಥರದ ತಲೆಯಾಟಕ್ಕೆ ಭಜನೆ ಎಂದೇ ಅರ್ಥ.

ನಾನು ಕೇಳುವುದು ಸೈಟ್ರಾನ್ಸ್. ನಿಮಗೆ ಗೊತ್ತಿಲ್ಲದಿದ್ದರೆ ಬೇಸರವಿಲ್ಲ. ಕಂಪ್ಯೂಟರಿನಲ್ಲಿ ಕಟ್ಟುವ ಕುಣಿತದ ಸಂಗೀತ ಅದು. ಮಾತಿಲ್ಲ, ಪಲ್ಲವಿಯಿಲ್ಲ. ಕೆಳಗೆ ಒಂದು ಗುದ್ದು ಬಿಡದೆ ಓಡುತ್ತಿರುತ್ತದೆ, ಅದರ ಮೇಲೆ ಹೆಸರಿಲ್ಲದ ಸದ್ದುಗಳು ಸುರುಳಿ ಸುತ್ತುತ್ತವೆ. ಗೋಕರ್ಣದ ಸಮುದ್ರದಂಡೆಯಲ್ಲಿ ಇದನ್ನು ಕೇಳಿ ತಲೆಕೆಡಿಸಿಕೊಂಡ ಇಬ್ಬರು, ನಿಲ್ಕುಂದದ ನನ್ನ ಅತ್ತೆಯ ಮಗ ಗಪ್ಪು ಮತ್ತು ಶಿರಸಿಯಲ್ಲಿ ಪಿಕಪ್ ಗಾಡಿ ಓಡಿಸುವ ಇಮ್ತಿಯಾಜ್, ಕಾಡು ಎಂಬರ್ಥದ 'ಕಾನು' ಎಂದು ಹೆಸರಿಟ್ಟುಕೊಂಡು ತಾವೇ ಮಾಡತೊಡಗಿದರು.

ಮೊದಮೊದಲ ಕಾನು ಹುಚ್ಚು ಓಟ. ಉಸಿರು ಬಿಡಲು ಜಾಗವಿಲ್ಲ. ಹೊಸದೊಂದು ಮಾಡಿದೊಡನೆ ಇಮ್ತಿಯಾಜ್ ಅದನ್ನು ಗಾಡಿಗೆ ಹಾಕಿಕೊಂಡು, ಯಲ್ಲಾಪುರದಿಂದ ಅಂಕೋಲೆಗೆ ಹೋಗುವಾಗ ಅರಬೈಲು ಘಟ್ಟದಲ್ಲಿ ಕೇಳಿ ನೋಡುತ್ತಿದ್ದ. ತಿರುವಿಗೂ ಸದ್ದಿಗೂ ಹೊಂದಿದರೆ "ಘಟ್ಟ ಇಳೀತು" ಎಂದು ತೀರ್ಪು. ಆಮೇಲಷ್ಟೇ ಲೋಕಕ್ಕೆ ಬಿಡುಗಡೆ. ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲೂ ಅದೇ ಮಾತು. ಘಟ್ಟ ಇಳಿಯದ್ದು ಕಸ. ನಾನು ಆ ಗುಂಪಿನಲ್ಲಿದ್ದೆ. ಒಂದು ಸಾಲೂ ಬರೆದವಳಲ್ಲ. ಮದುವೆಮನೆಯಲ್ಲೂ ನಾನು ಹಾಗೆಯೇ, ಕಂಬದ ಹಿಂದಿನ ಕುರ್ಚಿಯೇ ಬೇಕು.

ಎಂ.ಎಸ್ಸಿ. ಮಾಡುವಾಗ ನಿಲ್ಕುಂದದ ಹಳ್ಳದಲ್ಲಿ ಮುಸ್ಸಂಜೆ ಹೊತ್ತು ಕುಂಬಾರ ಕಪ್ಪೆಯ ಕೂಗು ರೆಕಾರ್ಡ್ ಮಾಡುತ್ತಿದ್ದೆ. ಮೊಟ್ಟೆಗೆ ಕೆಸರು ಮೆತ್ತುವುದರಿಂದ ಅದಕ್ಕೆ ಆ ಹೆಸರು. ಕೂಗೂ ಹಾಗೇ, ಹಸಿ ಮಡಕೆ ತಟ್ಟಿದಂತೆ ಟೊಕ್, ಟೊಕ್. ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿಸಿಕೊಂಡು, ಉಸಿರು ಬಿಗಿಹಿಡಿದು ಹಿಡಿದ ಸದ್ದು. ಗಪ್ಪು ಒಮ್ಮೆ ಕೇಳಿ ಕಣ್ಣರಳಿಸಿದ.

"ಕೂಸೆ, ಇದು ನಂಗೆ ಕೊಡೇ. ಹಾಳ್ ಮಾಡ್ತ್ನಿಲ್ಲೆ."

ಕೊಟ್ಟೆ. ನನ್ನದು ಎಂಬುದನ್ನು ಬೇರೆಯವರ ಕಿವಿಗೆ ಬಿಟ್ಟದ್ದು ಅದೇ ಮೊದಲು. ಹೆಸರು ಮಾತ್ರ ಹೇಳಬೇಡ ಎಂದಿದ್ದೆ.

ಕಪ್ಪೆ ಸೇರಿದ ಮೇಲೆ ಕಾನು ಬದಲಾಯಿತು. ಗುದ್ದು ನಿಧಾನವಾಯಿತು, ನಡುನಡುವೆ ಜಾಗ ತೆರೆಯಿತು. ಆ ಜಾಗದಲ್ಲಿ ಟೊಕ್, ಟೊಕ್. ಗಪ್ಪು ಅದರ ತುಣುಕೊಂದನ್ನು ಗುಂಪಿಗೆ ಹಾಕಿದ್ದೇ ತಡ, ಗುಂಪು ಎರಡಾಯಿತು. ಸಿದ್ದಾಪುರದವರು ಹೊಗಳಿದರೆ ಯಲ್ಲಾಪುರದವರು ಉರಿದೆದ್ದರು. ಅವರ ಮುಂದಾಳು ನಂದೊಳ್ಳಿಯ ಮಹೇಶ: "ಇದು ಟ್ರಾನ್ಸ್ ಅಲ್ದೋ ಮಾರಾಯ, ತೊಟ್ಲು ತೂಗದು. ಆ ಕಪ್ಪೆ ಒಂದು ಓಡ್ಸು." ಅದಕ್ಕೆ ನಗುವ ಮುಖಗಳ ಸಾಲು. ನಾನು ಫೋನನ್ನು ಮಗುಚಿಟ್ಟು, ಮತ್ತೆ ಎತ್ತಿ ನೋಡಿ, ಮತ್ತೆ ಮಗುಚಿಟ್ಟೆ.

ಕೊನೆಗೆ ಗಪ್ಪು, ಘಟ್ಟ ಇಳಿಯದಿದ್ದರೆ ಕಪ್ಪೆ ತೆಗೆಯುತ್ತೇನೆ ಎಂದು ಒಪ್ಪಿಬಿಟ್ಟ. ಸಾಕ್ಷಿಗೆ ಮಹೇಶ ಗಾಡಿ ಹತ್ತಿದ. ಅವನ ಪಕ್ಕ ನಾನು. ಅಂಕೋಲೆಯಲ್ಲಿ ಕೆಲಸವಿದೆ ಎಂದು ಹೇಳಿದ್ದೆ. ಯಾವ ಕೆಲಸವೂ ಇರಲಿಲ್ಲ.

ಹಾಡು ಘಟ್ಟ ಇಳಿಯಲಿಲ್ಲ. ಖಾಲಿ ಗಾಡಿ ತಿರುವಿನಿಂದ ತಿರುವಿಗೆ ಜಾರುತ್ತಿತ್ತು, ಸಂಗೀತ ಹಿಂದೆಲ್ಲೋ ಉಳಿಯುತ್ತಿತ್ತು. "ತಿರುವು ಮುಗದು ಹೋತು, ನಿಂಗ್ಳ ಕಪ್ಪೆ ಇನ್ನೂ ಎದ್ದಿದ್ದೇ ಇಲ್ಲೆ!" ಎಂದು ಮಹೇಶ ತೊಡೆ ತಟ್ಟಿ ನಕ್ಕ. ಇಮ್ತಿಯಾಜ್ ಅಂಕೋಲೆಯಿಂದ, ಊರಲ್ಲೇ ಉಳಿದಿದ್ದ ಗಪ್ಪುವಿಗೆ ಫೋನು ಮಾಡಿದ. ಆ ಕಡೆಯಿಂದ ಅವನು ಹೇಳಿದ್ದು ನನಗೂ ಕೇಳಿತು: "ಆತು. ಸಂಜೆ ತೆಗದ್ ಬಿಡ್ತೆ."

ಉಪ್ಪಿನ ಚೀಲ ತುಂಬಿಕೊಂಡು ಗಾಡಿ ವಾಪಸು ಹೊರಟಿತು. ಘಟ್ಟದ ಬುಡ ಬಂತು. ಗಾಡಿ ಗೊಣಗುತ್ತ ಎರಡನೇ ಗೇರಿಗೆ ಇಳಿಯಿತು. ಆ ಗೊಣಗಿನ ಲಯ ನನಗೆ ಪರಿಚಿತ ಅನ್ನಿಸಿತು.

"ಇನ್ನೊಂದ್ಸಲ ಹಾಕಿ," ಎಂದೆ.

"ಹತ್ತೋವಾಗ ಯಾರ್ ಹಾಕ್ತಾರೆ ಅಕ್ಕ? ಎಂಜಿನ್ ಸದ್ದಲ್ಲಿ ಏನ್ ಕೇಳ್ತದೆ!"

"ಹಾಕಿ ಇಮ್ತಿಯಾಜ್."

ನನ್ನ ದನಿಗೆ ನಾನೇ ಬೆಚ್ಚಿದೆ. ಅವನು ಹಾಕಿದ.

ಹೇಗೆ ಹೇಳಲಿ! ಎಂಜಿನ್ನಿನ ನರಳಾಟವೂ ಕೆಳಗಿನ ಗುದ್ದೂ ಒಂದಕ್ಕೊಂದು ಬೆಸೆದುಕೊಂಡವು. ತಿರುವಿನಲ್ಲಿ ಗೇರು ಬದಲಿಸಲು ಇಮ್ತಿಯಾಜ್ ಕ್ಲಚ್ ತುಳಿದ. ಎಂಜಿನ್ ಒಂದು ಉಸಿರು ಬಿಟ್ಟಿತು. ಸರಿಯಾಗಿ ಅಲ್ಲಿ ಟೊಕ್, ಟೊಕ್! ಮುಂದಿನ ತಿರುವಿನಲ್ಲೂ. ಇಮ್ತಿಯಾಜ್ ಸ್ಟಿಯರಿಂಗ್ ಬಡಿದು, "ಅರೆ! ಇದು ಹತ್ತೋ ಹಾಡು ಕಣ್ರೀ! ನಾವು ಇಳ್ಸೀ ಇಳ್ಸೀ ಬೈದ್ವಲ್ಲ!" ಎಂದು ಕೂಗಿದ. ಮಹೇಶ ಕಿಟಕಿಯಾಚೆ ನೋಡುತ್ತಿದ್ದ. ಅವನ ಮೊಣಕಾಲು ಮಾತ್ರ ತಾಳ ಹಾಕುತ್ತಿತ್ತು.

"ಹೆಂಗೋ ಮಹೇಶ?" ಎಂದು ಇಮ್ತಿಯಾಜ್ ಕೇಳಿದ.

"ಹತ್ತೂಕೆ ಅಡ್ಡಿಲ್ಲೆ," ಎಂದ. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

"ಆ ಕಪ್ಪೆ ನಾನು ಹಿಡಿದದ್ದು," ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಅನ್ನಲಿಲ್ಲ. ಸಂಗೀತದ ಸದ್ದಿಗೆ ಕೇಳಿಸುತ್ತಲೂ ಇರಲಿಲ್ಲ.

ಕಪ್ಪೆ ಉಳಿಯಿತು. ಗುಂಪು ಒಂದಾಯಿತು ಎಂದುಕೊಳ್ಳಬೇಡಿ. ಇವತ್ತಿಗೂ ಇಳಿಯುವವರು, ಹತ್ತುವವರು ಎಂದು ಎರಡು ಪಕ್ಷ. ಜಗಳ ಈಗ ಇನ್ನೂ ಸೊಗಸಾಗಿದೆ.

ಶಾರದಾ ಮೇಡಂ ಉತ್ತರಕ್ಕೆ ಕಾಯುತ್ತಿದ್ದರು. ನಾನು ತಲೆಯಾಡಿಸಲು ಹೊರಟವಳು ನಿಂತೆ. ಹೆಡ್‌ಫೋನಿನ ತಂತಿ ಕಿತ್ತು, ಫೋನನ್ನು ಟೇಬಲ್ಲಿನ ಮೇಲಿಟ್ಟು ದನಿ ಏರಿಸಿದೆ. ಗುದ್ದು ಮೊದಲಾಯಿತು. ಮೇಡಂ ಹುಬ್ಬು ಗಂಟಿಕ್ಕಿದರು. ಸ್ವಲ್ಪ ಹೊತ್ತಿಗೆ ಅವರ ಪೆನ್ನು ಹಾಜರಿ ಪುಸ್ತಕದ ಮೇಲೆ ಬಡಿಯತೊಡಗಿತು.

"ಇದು ಎಂತದು, ಟೊಕ್ ಟೊಕ್?"

"ಕಪ್ಪೆ," ಎಂದೆ. "ನಾನು ಹಿಡಿದದ್ದು."